ಶಿವನಸಮುದ್ರದಿಂದ ಹೆಬ್ಬಗೋಡಿಗೆ: ವಿದ್ಯುತ್ತಿನ ಶಾಖದ ಒಂದು ಚರಿತ್ರೆ

ಬೆಂಗಳೂರಿನಿಂದ ದಕ್ಷಿಣಾಭಿಮುಖವಾಗಿ ಹೊಸೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಬೊಮ್ಮನಹಳ್ಳಿಯನ್ನೂ ಕೋನಪ್ಪನ ಅಗ್ರಹಾರವನ್ನೂ ದಾಟಿದ ಮೇಲೆ ಎದುರಾಗುವ ಹೆಬ್ಬಗೋಡಿಯು, ಆನೇಕಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ಹಳ್ಳಿಯಾಗಿದ್ದು, ಈಗ ನಗರಸಭೆಯುಳ್ಳ ಊರಾಗಿ ಬೆಳೆದಿದೆ. ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ಮಳೆಗಾಲದ ನೀರನ್ನು ಬೇಸಗೆಯ ವರೆಗೆ ಕಾದಿಡುವ ಕೆರೆ, ಇವು ಆ ಸೀಮೆಯ ಹಳ್ಳಿಗಳ ಪಿತ್ರಾರ್ಜಿತವಾಗಿದ್ದವು. ಇಂದು ಅದರ ಉತ್ತರಕ್ಕೆ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳು, ದಕ್ಷಿಣಕ್ಕೆ ಬೊಮ್ಮಸಂದ್ರದ ಕಾರ್ಖಾನೆಗಳು, ನಡುವೆ ದೇಶದ ನಾನಾ ಮೂಲೆಗಳಿಂದ ಉದ್ಯೋಗವನ್ನರಸಿ ಬಂದ ತರುಣ ತರುಣಿಯರ ಪಿ.ಜಿ.ಗಳು ಮತ್ತು ಬಾಡಿಗೆಯ ಕೊಠಡಿಗಳು. ಇಂಥ ಊರಿನ ಚರಿತ್ರೆಯನ್ನು ಬರೆಯತಕ್ಕವನು ಭೂಮಿಯ ಬೆಲೆಯನ್ನು ಕುರಿತು ಬರೆಯಬಹುದು, ವಲಸೆಯನ್ನು ಕುರಿತು ಬರೆಯಬಹುದು, ಬತ್ತಿದ ಬಾವಿಗಳನ್ನು ಕುರಿತು ಬರೆಯಬಹುದು. ನಾನಾದರೋ ಇಲ್ಲಿ ಹೇಳಹೊರಟಿರುವುದು, ಕಣ್ಣಿಗೆ ಕಾಣದೆ ಈ ಎಲ್ಲದರ ಜೊತೆಯಲ್ಲೇ ಬೆಳೆದುಬಂದಿರುವ ಶಾಖದ ಚರಿತ್ರೆಯನ್ನು.

ವಿದ್ಯುಚ್ಛಕ್ತಿಯು ಎಲ್ಲಿ ದುಡಿಯುತ್ತದೆಯೋ ಅಲ್ಲಿ ಶಾಖವು ಹುಟ್ಟುವುದೆಂಬುದು ಎಲ್ಲರೂ ಬಲ್ಲ ಸಂಗತಿಯೇ. ಆದರೆ ಪಂಪಿನ ಮೋಟಾರು ತಾನು ಪಡೆದ ಶಕ್ತಿಯ ಬಹುಭಾಗವನ್ನು ನೀರನ್ನು ಮೇಲೆತ್ತುವುದಕ್ಕೆ ವ್ಯಯಿಸುತ್ತದೆ. ಎತ್ತರದ ತೊಟ್ಟಿಯಲ್ಲಿ ನಿಂತ ನೀರು ಆ ಶಕ್ತಿಯನ್ನು ತನ್ನಲ್ಲಿ ಇಟ್ಟುಕೊಂಡಿರುತ್ತದೆ. ಗಣಕಯಂತ್ರವು ಹಾಗೆ ಯಾವುದನ್ನೂ ಎತ್ತುವುದಿಲ್ಲ, ಯಾವುದನ್ನೂ ಕೂಡಿಡುವುದಿಲ್ಲ. ಅದು ಮಾಡುವ ಲೆಕ್ಕವು ಎಷ್ಟೇ ಗಹನವಾಗಿರಲಿ, ತೋರಿಸುವ ಚಿತ್ರವು ಎಷ್ಟೇ ಸುಂದರವಾಗಿರಲಿ, ಅದರ ಒಳಹೊಕ್ಕ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗಿಯೇ ಹೊರಬೀಳಬೇಕು. ಗಣಕದಲ್ಲಿ ಚಿತ್ರಗಳನ್ನು ಬಿಡಿಸುವ ಭಾಗವಾದ ಗ್ರಾಫಿಕ್ಸ್ ಕಾರ್ಡು ಐನೂರು ವ್ಯಾಟ್ ವಿದ್ಯುತ್ತನ್ನು ಸೆಳೆದರೆ ಕೋಣೆಗೆ ಐನೂರು ವ್ಯಾಟ್ ಶಾಖವನ್ನು ಕೊಡುತ್ತದೆ. ಅಷ್ಟೇ ವ್ಯಾಟಿನ ಹೀಟರು ಕೊಡುವುದಕ್ಕಿಂತ ಕಡಮೆಯೂ ಇಲ್ಲ, ಹೆಚ್ಚೂ ಇಲ್ಲ. ಅದರ ಫ್ಯಾನು ಬೀಸಿದ ಗಾಳಿಯ ಚಲನೆಯೂ ಗೋಡೆಗಳಿಗೆ ತಾಗಿ ಶಾಂತವಾಗುವಾಗ ಶಾಖವೇ ಆಗುತ್ತದೆ. ಈ ಸಮೀಕರಣವನ್ನು ಯಾವ ತಂತ್ರಜ್ಞಾನವೂ ಮುರಿದಿಲ್ಲ. ಕಾಲಕಾಲಕ್ಕೆ ಬದಲಾದುದು ಅದರ ಬೆಲೆಯನ್ನು ತೆರುವ ರೀತಿಯೊಂದೇ.

ಕನ್ನಡನಾಡಿನಲ್ಲಿ ಈ ಕಥೆಯು ಆರಂಭವಾಗುವುದು ಕಾವೇರಿಯ ದಡದಲ್ಲಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ರೂಪುಗೊಂಡು, ಜೋಲಿ ಡಿ ಲಾಟ್‌ಬಿನಿಯರ್ ಎಂಬ ಎಂಜಿನಿಯರರ ಶ್ರಮದಿಂದ ಸಿದ್ಧವಾದ ಶಿವನಸಮುದ್ರದ ಜಲವಿದ್ಯುದಾಗಾರವು 1902ರಲ್ಲಿ ಕೆಲಸಕ್ಕೆ ತೊಡಗಿತು. ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರು ದೂರ. ಅಷ್ಟು ಉದ್ದದ ತಂತಿಯಲ್ಲಿ ವಿದ್ಯುತ್ತನ್ನು ಸಾಗಿಸುವುದು ಆ ಕಾಲದ ಲೋಕಕ್ಕೇ ಒಂದು ಸಾಹಸವಾಗಿದ್ದಿತು. ಆ ಸಾಹಸಕ್ಕೆ ಅಡ್ಡವಾಗಿ ನಿಂತಿದ್ದುದು ಶಾಖವೇ. ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹವು ಇಮ್ಮಡಿಯಾದರೆ ಅದರಲ್ಲಿ ಹುಟ್ಟುವ ಶಾಖವು ನಾಲ್ಮಡಿಯಾಗುತ್ತದೆಂಬ ನಿಯಮವನ್ನು ಇಂಗ್ಲೆಂಡಿನ ಜೇಮ್ಸ್ ಜೂಲ್ ಎಂಬಾತನು 1840ರ ಹೊತ್ತಿಗೆ ಪ್ರಯೋಗಗಳಿಂದ ಸಿದ್ಧಪಡಿಸಿದ್ದನು. ಆದುದರಿಂದ ಶಿವನಸಮುದ್ರದವರು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ ಪ್ರವಾಹವನ್ನು ಕುಗ್ಗಿಸಿದರು. ಕಾವೇರಿಯ ಶಕ್ತಿಯು ದಾರಿಯುದ್ದಕ್ಕೂ ಶಾಖವಾಗಿ ಸೋರಿಹೋಗದೆ, ಗಣಿಯ ಯಂತ್ರಗಳನ್ನು ತಿರುಗಿಸುವಷ್ಟು ಉಳಿದು ಕೋಲಾರವನ್ನು ಮುಟ್ಟಿತು. 1905ರಲ್ಲಿ ಅದೇ ಶಕ್ತಿಯು ಬೆಂಗಳೂರಿನ ಬೀದಿಗಳಲ್ಲಿ ದೀಪವಾಗಿ ಬೆಳಗಿತು. ಜೂಲನ ಈ ನಿಯಮವನ್ನು ಓದುಗರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಅಂಗೈಯಗಲದ ಹಲಗೆಯೊಂದರ ಮೇಲೆ ಅದನ್ನು ನಾವು ಮತ್ತೆ ಎದುರುಗೊಳ್ಳಲಿದ್ದೇವೆ.

ಸ್ವಾತಂತ್ರ್ಯಾನಂತರದಲ್ಲಿ ಬೆಂಗಳೂರಿನ ಉತ್ತರ ದಿಕ್ಕಿನ ಜಾಲಹಳ್ಳಿಯಲ್ಲಿ, 1954ರಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಹುಟ್ಟಿತು. ಅಲ್ಲಿ 1961ರ ಸುಮಾರಿಗೆ ರೇಡಿಯೋ ವಾಲ್ವುಗಳೂ, ಅದರ ಮರುವರ್ಷ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳೂ ತಯಾರಾಗತೊಡಗಿದುವು. ಒಂದೇ ಆವರಣದಲ್ಲಿ, ಒಂದೆರಡು ವರ್ಷಗಳ ಅಂತರದಲ್ಲಿ, ಶಾಖದೊಡನೆ ಪರಸ್ಪರ ವಿರುದ್ಧವಾದ ಸಂಬಂಧವುಳ್ಳ ಎರಡು ವಸ್ತುಗಳು ಹೀಗೆ ಸಿದ್ಧವಾದುದು ಗಮನಾರ್ಹವಾದ ಸಂಗತಿ. ವಾಲ್ವಿಗೆ ಶಾಖವೇ ಪ್ರಾಣ. ಒಳಗಿನ ತಂತಿಯು ಕೆಂಪಗೆ ಕಾದು ಎಲೆಕ್ಟ್ರಾನುಗಳನ್ನು ಹೊರಚೆಲ್ಲಿದ ಹೊರತು ಅದು ಕೆಲಸವನ್ನೇ ಮಾಡದು. ರೇಡಿಯೋವನ್ನು ತಿರುಗಿಸಿದ ಮೇಲೆ ವಾರ್ತೆ ಕೇಳಿಸಲು ಕೆಲವು ಕ್ಷಣ ಕಾಯಬೇಕಾಗಿದ್ದುದು ಈ ಕಾರಣದಿಂದಲೇ. ಟ್ರಾನ್ಸಿಸ್ಟರಿಗಾದರೋ ಶಾಖವು ಕೇವಲ ಹಗೆ. ಜರ್ಮೇನಿಯಮ್ ಟ್ರಾನ್ಸಿಸ್ಟರು ಎಂಬತ್ತು ಡಿಗ್ರಿಯ ಆಸುಪಾಸಿನಲ್ಲಿಯೇ ಕೈಚೆಲ್ಲುತ್ತಿತ್ತು. ಅದಕ್ಕಿಂತ ಬಹಳ ಹೆಚ್ಚಿನ ಬಿಸಿಯನ್ನು ತಾಳಬಲ್ಲ ಸಿಲಿಕಾನು ಅದರ ಸ್ಥಾನವನ್ನು ಆಕ್ರಮಿಸಿದುದಕ್ಕೆ ಈ ಸಹನಶಕ್ತಿಯೂ ಒಂದು ಮುಖ್ಯ ಹೇತು. ಶಾಖದಿಂದ ಬದುಕುತ್ತಿದ್ದ ಯಂತ್ರಗಳ ಯುಗವು ಮುಗಿದು, ಶಾಖಕ್ಕೆ ಅಂಜುವ ಯಂತ್ರಗಳ ಯುಗವು ನಮ್ಮ ನಾಡಿನಲ್ಲಿ ಕಾಲಿಟ್ಟ ಬಗೆ ಇದು.

ಆ ಅಂಜಿಕೆಗೆ ತಕ್ಕ ಉಪಚಾರವೂ ಬಂದಿತು. 1970ರ ದಶಕದ ಆರಂಭದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ಕೇಂದ್ರದಲ್ಲಿ ಐ.ಬಿ.ಎಂ. 360 ಶ್ರೇಣಿಯ ಯಂತ್ರವನ್ನು ಸ್ಥಾಪಿಸಿದಾಗ, ಅಂಥ ಯಂತ್ರಗಳೆಲ್ಲಕ್ಕೂ ನಿಯಮವೇ ಆಗಿದ್ದಂತೆ, ಅದನ್ನು ತಂಪುಗೊಳಿಸಿದ ಕೋಣೆಯಲ್ಲಿ ಇರಿಸಬೇಕಾಗಿದ್ದಿತು. ಮನೆಮನೆಯಲ್ಲಿ ಬೀಸಣಿಗೆಯೇ ಸಾಕಾಗಿದ್ದ ಅಂದಿನ ಬೆಂಗಳೂರಿನಲ್ಲಿ, ಮನುಷ್ಯನಿಗಿಲ್ಲದ ಹವಾನಿಯಂತ್ರಣವು ಯಂತ್ರಕ್ಕೆ ಅವಶ್ಯವಾಯಿತು. ಮುಂದೆ 1986ರಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ಬೆಂಗಳೂರಿನಲ್ಲಿಯೇ ನಿರ್ಮಿಸಿದರು. ಒಂದೇ ದೊಡ್ಡ ಗಣಕದಿಂದ ಮಾಡಿಸಬೇಕಾದ ಲೆಕ್ಕವನ್ನು ಅನೇಕ ಸಣ್ಣ ಗಣಕಗಳಿಗೆ ಏಕಕಾಲದಲ್ಲಿ ಹಂಚಿಕೊಡುವ ಈ ವಿಧಾನವೇ, ಸಾವಿರಗಟ್ಟಲೆ ಪುಟ್ಟ ಗಣನಾ ಘಟಕಗಳನ್ನು ಒಂದೇ ಚಿಪ್ಪಿನಲ್ಲಿ ಕೂಡಿಸುವ ಇಂದಿನ ಗ್ರಾಫಿಕ್ಸ್ ಕಾರ್ಡಿನ ಅಂತಸ್ಸತ್ತ್ವ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ.

ಹೆಬ್ಬಗೋಡಿಯ ದೆಸೆಯನ್ನು ತಿರುಗಿಸಿದ ಘಟನೆಯು 1978ರದು. ಕರ್ಣಾಟಕ ಸರ್ಕಾರವು 1976ರಲ್ಲಿ ಸ್ಥಾಪಿಸಿದ ಕಿಯೋನಿಕ್ಸ್ ಸಂಸ್ಥೆಯ ಮೊದಲ ಅಧ್ಯಕ್ಷರಾಗಿದ್ದ ಆರ್. ಕೆ. ಬಾಳಿಗರ ದೂರದೃಷ್ಟಿಯ ಫಲವಾಗಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯು ತಲೆಯೆತ್ತಿತು. ಊರಿನಿಂದ ಅಷ್ಟು ದೂರದ ಬಯಲಿಗೆ ಯಾರು ಬಂದಾರು ಎಂಬ ಸಂಶಯವು ಸಹಜವಾಗಿದ್ದ ಆ ದಿನಗಳು ಕಳೆದು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನ ಚಿಪ್ ವಿನ್ಯಾಸ ಕೇಂದ್ರವನ್ನು ತೆರೆದು ಉಪಗ್ರಹದ ಮೂಲಕ ಅಮೆರಿಕೆಯೊಡನೆ ಸಂಪರ್ಕ ಕಲ್ಪಿಸಿಕೊಂಡಿತು. 1994ರಲ್ಲಿ ಇನ್ಫೋಸಿಸ್ ತನ್ನ ಮುಖ್ಯ ಕಚೇರಿಯನ್ನು ಎಲೆಕ್ಟ್ರಾನಿಕ್ ಸಿಟಿಗೆ ತಂದಿತು. ಇತ್ತ ಹೆಬ್ಬಗೋಡಿಯ ನೆರೆಯಲ್ಲಿಯೇ ಬಯೋಕಾನ್ ಸಂಸ್ಥೆಯು ಬೆಳೆದು ಹಬ್ಬಿತು. 2010ರಲ್ಲಿ ಮೇಲ್ಸೇತುವೆಯ ಹೆದ್ದಾರಿಯೂ, 2025ರ ಆಗಸ್ಟಿನಲ್ಲಿ ಹೆಬ್ಬಗೋಡಿಯಲ್ಲಿ ನಿಲ್ದಾಣವುಳ್ಳ ಮೆಟ್ರೋ ಮಾರ್ಗವೂ ಬಂದುವು. ಲೋಕದ ಚಿಪ್ಪುಗಳ ವಿನ್ಯಾಸದಲ್ಲಿ ಬೆಂಗಳೂರಿನ ಎಂಜಿನಿಯರರ ಪಾತ್ರವು ಈಗ ಎಷ್ಟು ದೊಡ್ಡದೆಂಬುದಕ್ಕೆ, ಗ್ರಾಫಿಕ್ಸ್ ಚಿಪ್ಪುಗಳ ತಯಾರಕರಲ್ಲಿ ಒಂದಾದ ಎ.ಎಂ.ಡಿ. 2023ರ ನವೆಂಬರಿನಲ್ಲಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು ಇದೇ ನಗರದಲ್ಲಿ ತೆರೆದುದೇ ಸಾಕ್ಷಿ. ಆದುದರಿಂದ ಈ ಚಿಪ್ಪುಗಳ ಶಾಖದ ಪ್ರಶ್ನೆಯು ಪರದೇಶದವರ ಪ್ರಶ್ನೆಯಲ್ಲ. ಅದನ್ನು ಸೃಷ್ಟಿಸುವವರೂ, ಅದನ್ನು ಅನುಭವಿಸುವವರೂ, ಒಂದೇ ರಸ್ತೆಯ ಎರಡು ಬದಿಗಳಲ್ಲಿ ವಾಸವಾಗಿದ್ದಾರೆ.

ಗ್ರಾಫಿಕ್ಸ್ ಕಾರ್ಡಿನ ವಂಶಚರಿತ್ರೆಯು ದೀರ್ಘವಾದುದಲ್ಲ. 1996ರಲ್ಲಿ ಬಂದ ವೂಡೂ ಎಂಬ ಕಾರ್ಡಿಗೆ ಫ್ಯಾನು ಇರಲಿಲ್ಲ. ಚಿಪ್ಪಿನ ಬೆನ್ನ ಮೇಲೆ ಲೋಹದ ಹೀಟ್ ಸಿಂಕು ಕೂಡ ಇರಲಿಲ್ಲ. ಸುತ್ತಲಿನ ಗಾಳಿಯೇ ಅದಕ್ಕೆ ಸಾಕಾಗಿದ್ದಿತು. 1999ರಲ್ಲಿ ಎನ್ವಿಡಿಯಾ ಸಂಸ್ಥೆಯು ಹೊರತಂದ ಜಿಫೋರ್ಸ್ 256ಕ್ಕೆ ಸಣ್ಣದೊಂದು ಫ್ಯಾನು ಬೇಕಾಯಿತು. 2002ರಲ್ಲಿ ಎ.ಟಿ.ಐ. ಸಂಸ್ಥೆಯ ರೇಡಿಯಾನ್ 9700 ಪ್ರೋ ಬಂದಾಗ, ಮದರ್‌ಬೋರ್ಡಿನ ಮೂಲಕ ದೊರೆಯುವ ವಿದ್ಯುತ್ತು ಸಾಲದೆ, ಪವರ್ ಸಪ್ಲೈಯಿಂದ ನೇರವಾಗಿ ಇನ್ನೊಂದು ತಂತಿಯನ್ನು ಎಳೆಯಬೇಕಾಯಿತು. ಅದರ ಮರುವರ್ಷ ಬಂದ ಜಿಫೋರ್ಸ್ ಎಫ್.ಎಕ್ಸ್. 5800 ಅಲ್ಟ್ರಾ ಕಾರ್ಡಿನ ಫ್ಯಾನಿನ ಭೋರ್ಗರೆತವು ಲೋಕಪ್ರಸಿದ್ಧವಾಯಿತು. 2004ರಿಂದ ರೂಢಿಗೆ ಬಂದ ಪಿ.ಸಿ.ಐ. ಎಕ್ಸ್‌ಪ್ರೆಸ್ ಎಂಬ ಜೋಡಣೆಯು ಮದರ್‌ಬೋರ್ಡಿನ ಸೀಳಿನಿಂದ ಕಾರ್ಡಿಗೆ 75 ವ್ಯಾಟುಗಳ ವರೆಗೆ ಕೊಡಬಲ್ಲದು. ಆರು ಸೂಜಿಯ ಹೆಚ್ಚುವರಿ ತಂತಿಯು ಇನ್ನು 75, ಎಂಟು ಸೂಜಿಯದು 150. ಈ ಮಿತಿಗಳನ್ನು ಕಾರ್ಡುಗಳು ಒಂದೊಂದಾಗಿ ದಾಟಿದುವು. 2010ರ ಜಿ.ಟಿ.ಎಕ್ಸ್. 480ರ ಪ್ರಮಾಣವು 250 ವ್ಯಾಟು, ದುಡಿಮೆಯ ಹೊತ್ತಿನಲ್ಲಿ ಅದರ ತಾಪಮಾನವು ತೊಂಬತ್ತು ಡಿಗ್ರಿಯನ್ನು ಮೀರುತ್ತಿತ್ತು. 2020ರ ಆರ್.ಟಿ.ಎಕ್ಸ್. 3090ಕ್ಕೆ 350, 2022ರ 4090ಕ್ಕೆ 450, 2025ರ 5090ಕ್ಕೆ 575 ವ್ಯಾಟು. ನೂರು ವ್ಯಾಟಿನ ಹಳೆಯ ಬುರುಡೆ ದೀಪಗಳನ್ನು ಐದಾರು ಹೊತ್ತಿಸಿ ಒಂದು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಏನಾದೀತೋ ಅಷ್ಟು ಶಾಖವನ್ನು, ಕೆಲವೇ ಚದರ ಸೆಂಟಿಮೀಟರು ವಿಸ್ತಾರದ ಸಿಲಿಕಾನಿನ ತುಣುಕಿನಿಂದ ಕ್ಷಣಕ್ಷಣವೂ ಹೊರಗೆಳೆಯಬೇಕಾಗಿದೆ.

ಇದು ಹೀಗೇಕಾಯಿತೆಂಬುದನ್ನು ಅರಿಯಬೇಕಾದರೆ ಚಿಪ್ಪಿನೊಳಗೆ ಶಾಖವು ಹುಟ್ಟುವ ಎರಡು ದಾರಿಗಳನ್ನು ತಿಳಿಯಬೇಕು. ಮೊದಲನೆಯದು ಸ್ವಿಚ್ಚಿನ ಶಾಖ: ಪ್ರತಿಯೊಂದು ಟ್ರಾನ್ಸಿಸ್ಟರೂ ತೆರೆದು ಮುಚ್ಚುವಾಗ ಅತ್ಯಲ್ಪವಾದ ವಿದ್ಯುದಾವೇಶವನ್ನು ತುಂಬಿ ಚೆಲ್ಲುತ್ತದೆ, ಆ ಚೆಲ್ಲಿದುದೇ ಶಾಖವಾಗುತ್ತದೆ. ಇದು ವೇಗವು ಹೆಚ್ಚಿದಷ್ಟೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ವೋಲ್ಟೇಜು ಹೆಚ್ಚಿದರೆ ಅದರ ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ. ಎರಡನೆಯದು ಸೋರಿಕೆಯ ಶಾಖ: ಮುಚ್ಚಿದ ಟ್ರಾನ್ಸಿಸ್ಟರಿನ ಮೂಲಕವೂ ಸ್ವಲ್ಪ ಪ್ರವಾಹವು ಜಿನುಗುತ್ತಲೇ ಇರುತ್ತದೆ, ಆ ಜಿನುಗು ಬಿಸಿಯೇರಿದಂತೆ ಬೆಳೆಯುತ್ತದೆ. ಟ್ರಾನ್ಸಿಸ್ಟರನ್ನು ಕಿರಿದಾಗಿಸುತ್ತ ಹೋದಂತೆ ವೋಲ್ಟೇಜನ್ನೂ ಅದಕ್ಕೆ ಅನುಗುಣವಾಗಿ ಇಳಿಸಿದರೆ, ಒಂದೇ ಜಾಗದಲ್ಲಿ ಎಷ್ಟು ಹೆಚ್ಚು ಟ್ರಾನ್ಸಿಸ್ಟರುಗಳನ್ನು ತುಂಬಿದರೂ ಶಾಖವು ಹೆಚ್ಚುವುದಿಲ್ಲವೆಂದು ಐ.ಬಿ.ಎಂ.ನ ರಾಬರ್ಟ್ ಡೆನಾರ್ಡ್ ಮತ್ತು ಅವರ ಸಹೋದ್ಯೋಗಿಗಳು 1974ರಲ್ಲಿ ತೋರಿಸಿಕೊಟ್ಟರು. ಮೂವತ್ತು ವರ್ಷಗಳ ಕಾಲ ಗಣಕಗಳ ಲೋಕವು ಆ ವರದ ನೆರಳಿನಲ್ಲಿ ಬಾಳಿತು. 2005ರ ಸುಮಾರಿಗೆ ಆ ವರವು ತೀರಿತು. ವೋಲ್ಟೇಜನ್ನು ಸುಮಾರು ಒಂದು ವೋಲ್ಟಿಗಿಂತ ಬಹಳ ಕೆಳಗಿಳಿಸಿದರೆ ಸೋರಿಕೆಯು ಮಿತಿಮೀರುವುದರಿಂದ ಇಳಿಕೆಯು ಅಲ್ಲಿಯೇ ನಿಂತಿತು. ಟ್ರಾನ್ಸಿಸ್ಟರುಗಳ ಸಂಖ್ಯೆಯಾದರೋ ನಿಲ್ಲಲಿಲ್ಲ. ಜಿ.ಟಿ.ಎಕ್ಸ್. 480ರಲ್ಲಿ 300 ಕೋಟಿಯಿದ್ದುದು 5090ರ ಹೊತ್ತಿಗೆ 9,200 ಕೋಟಿಯಾಯಿತು. ಸಂಖ್ಯೆಯು ಮೂವತ್ತು ಪಟ್ಟು ಬೆಳೆದರೂ ಶಾಖವು ಎರಡೂಕಾಲು ಪಟ್ಟಿಗೆ ನಿಂತಿರುವುದು ಎಂಜಿನಿಯರರ ಜಾಣ್ಮೆಯನ್ನು ಸಾರುತ್ತದೆ. ಆದರೂ ಅದು ಏರಿದೆಯೇ ಹೊರತು ಇಳಿದಿಲ್ಲವೆಂಬುದನ್ನು ನಾವು ಮರೆಯಲಾಗದು.

ಇಲ್ಲಿ ಶಿವನಸಮುದ್ರದ ನಿಯಮವು ಮರಳಿ ಬರುತ್ತದೆ, ಅದೂ ವಿಲೋಮವಾಗಿ. ತಂತಿಯ ಶಾಖವನ್ನು ತಗ್ಗಿಸಲು ಅಂದಿನವರು ವೋಲ್ಟೇಜನ್ನು ಏರಿಸಿದರು. ಚಿಪ್ಪಿನ ಶಾಖವನ್ನು ತಗ್ಗಿಸಲು ಇಂದಿನವರು ಅದನ್ನು ಇಳಿಸಬೇಕಾಯಿತು. ಆದರೆ ವೋಲ್ಟೇಜು ಇಳಿದೆಡೆಯಲ್ಲಿ ಅಷ್ಟೇ ವ್ಯಾಟನ್ನು ಒದಗಿಸಲು ಪ್ರವಾಹವು ಏರಲೇಬೇಕಲ್ಲವೆ? ಪವರ್ ಸಪ್ಲೈಯಿಂದ ಹನ್ನೆರಡು ವೋಲ್ಟಿನಲ್ಲಿ 575 ವ್ಯಾಟನ್ನು ತರುವ ತಂತಿಯಲ್ಲಿ ನಲವತ್ತೆಂಟು ಆಂಪಿಯರು ಹರಿಯುತ್ತದೆ. ಅನೇಕ ಸಾಮಾನ್ಯ ಮನೆಗಳ ಮುಖ್ಯ ಫ್ಯೂಸು ಕೂಡ ತಡೆಯಲಾರದಷ್ಟು ಪ್ರವಾಹ ಅದು. ಅದೇ ಶಕ್ತಿಯು ಕಾರ್ಡಿನ ಮೇಲೆ ಒಂದು ವೋಲ್ಟಿನ ಆಸುಪಾಸಿಗೆ ಇಳಿದು ಚಿಪ್ಪನ್ನು ಸೇರುವಾಗ ನೂರಾರು ಆಂಪಿಯರುಗಳಾಗುತ್ತದೆ. ಆದುದರಿಂದಲೇ ಚಿಪ್ಪಿನೊಡನೆ ಅದರ ಸುತ್ತ ಕುಳಿತ ವೋಲ್ಟೇಜು ನಿಯಂತ್ರಕಗಳೂ ಕಾಯುತ್ತವೆ. ಆದುದರಿಂದಲೇ 2022ರ ಅಂತ್ಯದಲ್ಲಿ 4090 ಕಾರ್ಡಿನ ಪವರ್ ಪ್ಲಗ್ಗುಗಳು ಕರಗಿದ ವರದಿಗಳು ದೇಶದೇಶಗಳಿಂದ ಬಂದುವು. ಪ್ಲಗ್ಗು ಪೂರ್ತಿಯಾಗಿ ಒಳಸೇರದಿದ್ದರೆ ಸ್ಪರ್ಶಸ್ಥಾನದ ರೋಧವು ಕೊಂಚವೇ ಹೆಚ್ಚಿದರೂ, ಪ್ರವಾಹದ ವರ್ಗದಿಂದ ಗುಣಿತವಾಗಿ ಅದು ಪ್ಲಾಸ್ಟಿಕ್ಕನ್ನು ಕರಗಿಸುವ ಬಿಸಿಯಾಗುತ್ತದೆ. ಕೋಲಾರದ ತಂತಿಯನ್ನು ಕಾಪಾಡಿದ ಸೂತ್ರವನ್ನೇ ಅಲಕ್ಷಿಸಿದುದರ ಫಲವಿದು.

ಈ ವಿಷಯದಲ್ಲಿ ಜನರಲ್ಲಿ ನೆಲೆಯೂರಿರುವ ಒಂದು ಭ್ರಾಂತಿಯನ್ನು ಪರಿಹರಿಸುವುದು ಅವಶ್ಯ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಾರ್ಡನ್ನು ಕೊಳ್ಳುವ ತರುಣರು ‘ಇದು ಎಷ್ಟು ಹೀಟ್ ಆಗುತ್ತೆ?’ ಎಂದು ಕೇಳುವಾಗ ಅವರ ಮನಸ್ಸಿನಲ್ಲಿರುವುದು ತಾಪಮಾನದ ಅಂಕಿ. ಅರುವತ್ತು ಡಿಗ್ರಿಯ ಕಾರ್ಡು ತೊಂಬತ್ತು ಡಿಗ್ರಿಯ ಕಾರ್ಡಿಗಿಂತ ಕಡಮೆ ಕರೆಂಟನ್ನು ತಿನ್ನುತ್ತದೆಂದು ಅವರು ಊಹಿಸುತ್ತಾರೆ. ಉರಿಯುವ ಬತ್ತಿಯ ತುದಿಯು ಬಚ್ಚಲ ಹಂಡೆಯ ನೀರಿಗಿಂತ ಎಷ್ಟೋ ಪಾಲು ಬಿಸಿಯಾದುದು, ಆದರೆ ಮನೆಯವರೆಲ್ಲರಿಗೂ ಸ್ನಾನಕ್ಕಾಗುವಷ್ಟು ಶಾಖವಿರುವುದು ಹಂಡೆಯಲ್ಲಿಯೇ. ಹಾಗೆಯೇ, ದೊಡ್ಡ ಹೀಟ್ ಸಿಂಕೂ ಮೂರು ಫ್ಯಾನುಗಳೂ ಉಳ್ಳ 450 ವ್ಯಾಟಿನ ಕಾರ್ಡು ಅರುವತ್ತೈದು ಡಿಗ್ರಿಯಲ್ಲಿ ನೆಮ್ಮದಿಯಿಂದಿರಬಹುದು, ಬಡಕಲು ಫ್ಯಾನಿನ 120 ವ್ಯಾಟಿನ ಕಾರ್ಡು ಎಂಬತ್ತೈದರಲ್ಲಿ ಕಾಯುತ್ತಿರಬಹುದು. ಕೋಣೆಯನ್ನು ಹೆಚ್ಚು ಬಿಸಿಮಾಡುವುದೂ, ಮೀಟರನ್ನು ಹೆಚ್ಚು ಓಡಿಸುವುದೂ ಮೊದಲನೆಯದೇ. ಫ್ಯಾನು, ಥರ್ಮಲ್ ಪೇಸ್ಟು, ತಾಮ್ರದ ಕೊಳವೆ, ನೀರಿನ ತಂಪು, ಇವೆಲ್ಲವೂ ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಸಾಧನಗಳು. ಹುಟ್ಟಿದ ಶಾಖವನ್ನು ಇಲ್ಲವಾಗಿಸುವ ಶಕ್ತಿಯು ಅವುಗಳಲ್ಲಿ ಯಾವುದಕ್ಕೂ ಇಲ್ಲ. ಚೆನ್ನಾಗಿ ತಂಪಾದ ಚಿಪ್ಪಿನಲ್ಲಿ ಸೋರಿಕೆಯು ಕುಗ್ಗುವುದರಿಂದ ವಿದ್ಯುತ್ತು ಸ್ವಲ್ಪ ಉಳಿಯುವುದು ನಿಜ. ಆದರೆ ಅದೇ ಚಿಪ್ಪಿಗೆ, ತಂಪು ಸಿಕ್ಕಿತೆಂಬ ಸಲುಗೆಯಿಂದ, ತನ್ನ ವೇಗವನ್ನೂ ವೋಲ್ಟೇಜನ್ನೂ ತಾನೇ ಏರಿಸಿಕೊಂಡು ಉಳಿದುದಕ್ಕಿಂತ ಹೆಚ್ಚನ್ನು ಸೆಳೆಯುವ ಏರ್ಪಾಡನ್ನೂ ಇಂದಿನ ತಯಾರಕರು ಮಾಡಿದ್ದಾರೆ. ಮಿತಿಮೀರಿ ಕಾದಾಗ ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುವ ಗುಣವೂ ಅದರಲ್ಲಿದೆ. ಹೀಗೆ ಕಡಮೆ ಕರೆಂಟಿನಿಂದ ಕಡಮೆ ಬಿಸಿ ಎಂಬ ಮೂಲಸತ್ಯವನ್ನು ಚಿಪ್ಪು ತಾನೇ ಆಚರಿಸಿ ತೋರಿಸುತ್ತದೆ.

ಹೆಬ್ಬಗೋಡಿಯ ಕೊಠಡಿಯೊಂದರಲ್ಲಿ ಈ ಲೆಕ್ಕವು ಹೇಗೆ ಫಲಿಸುವುದೆಂಬುದನ್ನು ನೋಡೋಣ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿರುವ ಗಾಳಿಯ ತೂಕವು ಇಲ್ಲಿ ಸುಮಾರು ಮೂವತ್ತು ಕಿಲೋಗ್ರಾಮು. ಬಾಗಿಲು ಕಿಟಕಿಗಳನ್ನು ಮುಚ್ಚಿ, ಗೋಡೆಗಳು ಶಾಖವನ್ನು ಹೀರುವುದಿಲ್ಲವೆಂದು ಭಾವಿಸಿದರೆ, 575 ವ್ಯಾಟಿನ ಕಾರ್ಡು ಆ ಗಾಳಿಯನ್ನು ನಿಮಿಷಕ್ಕೊಂದು ಡಿಗ್ರಿಯಂತೆ ಕಾಯಿಸಬಲ್ಲದು. ಗೋಡೆಗಳು ಹೀರುತ್ತವೆ, ಸಂಧಿಗಳಲ್ಲಿ ಗಾಳಿಯಾಡುತ್ತದೆ, ಅದರಿಂದ ಅಂಥ ಅನಾಹುತವಾಗುವುದಿಲ್ಲ. ಆದರೂ ಏಪ್ರಿಲ್ ತಿಂಗಳ ರಾತ್ರಿಯಲ್ಲಿ ಅಂಥ ಕೋಣೆಯು ವಾಸಯೋಗ್ಯವಾಗಿ ಉಳಿಯದು. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ಹವೆಯು ಹಿತಕರವೆಂಬುದು ನಮ್ಮ ಹೆಮ್ಮೆ. ಆದರೆ ಅದೇ ಎತ್ತರದಿಂದಾಗಿ ಇಲ್ಲಿಯ ಗಾಳಿಯು ಸಮುದ್ರತೀರದ ಗಾಳಿಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ತೆಳುವಾಗಿದ್ದು, ಒಂದೇ ವೇಗದಲ್ಲಿ ತಿರುಗುವ ಫ್ಯಾನು ಇಲ್ಲಿ ಅಷ್ಟು ಕಡಮೆ ಶಾಖವನ್ನು ಹೊತ್ತೊಯ್ಯುತ್ತದೆ. ಆ ಹಿತಕರ ಹವೆಯೂ ಮೊದಲಿನಂತಿಲ್ಲ. 2016ರ ಏಪ್ರಿಲ್ 24ರಂದು ನಗರದ ತಾಪಮಾನವು 39.2 ಡಿಗ್ರಿಯನ್ನು ಮುಟ್ಟಿತು. ಇನ್ನು ಹಣದ ಮಾತು: ಅಂಥ ಕಾರ್ಡನ್ನು ದಿನಕ್ಕೆ ಏಳು ಗಂಟೆ ಪೂರ್ಣವಾಗಿ ದುಡಿಸಿದರೆ ಅದೊಂದೇ ನಾಲ್ಕು ಯೂನಿಟ್ಟು ನುಂಗುತ್ತದೆ, ಆ ಶಾಖವನ್ನು ಎ.ಸಿ.ಯಿಂದ ಹೊರದೂಡುವುದಾದರೆ, ಒಂದು ಪಾಲು ವಿದ್ಯುತ್ತಿನಿಂದ ಮೂರು ಪಾಲು ಶಾಖವನ್ನು ಹೊರಹಾಕುವ ಸಾಧಾರಣ ಯಂತ್ರಕ್ಕೆ ಇನ್ನೂ ಒಂದೂಕಾಲು ಯೂನಿಟ್ಟಿಗೂ ಹೆಚ್ಚು ಬೇಕು. ಹೊರದೂಡಿದ ಆ ಬಿಸಿಯಾದರೂ ಎಲ್ಲಿಗೆ ಹೋಗುತ್ತದೆ? ಎ.ಸಿ.ಯ ಹೊರಘಟಕವು ತಾನು ಸೆಳೆದುಕೊಂಡ ವಿದ್ಯುತ್ತಿನ ಶಾಖವನ್ನೂ ಕೂಡಿಸಿ ಅದನ್ನು ಓಣಿಗೆ, ನೆರೆಮನೆಯ ಕಿಟಕಿಗೆ, ಎ.ಸಿ.ಯನ್ನು ಕೊಳ್ಳಲಾರದವನ ಮಾಳಿಗೆಗೆ ಕೊಡುತ್ತದೆ.

ಒಂದು ಕೋಣೆಗೆ ಸಲ್ಲುವ ಈ ಮಾತು ಒಂದು ಸಂಸ್ಥೆಗೆ, ಒಂದು ನಗರಕ್ಕೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಚಿತ್ರವನ್ನು ಬಿಡಿಸಲೆಂದು ಹುಟ್ಟಿದ ಈ ಚಿಪ್ಪುಗಳು 2006ರಿಂದೀಚೆಗೆ ವಿಜ್ಞಾನದ ಲೆಕ್ಕಗಳಿಗೂ, ಈಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಗೂ ಆಧಾರವಾಗಿವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪಿತವಾದ ಸಹಸ್ರಟಿ ಎಂಬ ಮಹಾಗಣಕದಲ್ಲಿಯೂ, 2022ರಲ್ಲಿ ಬಂದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಂ ಪ್ರವೇಗದಲ್ಲಿಯೂ ಇವುಗಳಿಗೆ ಸ್ಥಾನ ದೊರೆಯಿತು. ಕೃತಕ ಬುದ್ಧಿಮತ್ತೆಗೆಂದು ರಚಿತವಾದ ಎಚ್100 ಎಂಬ ಚಿಪ್ಪಿನ ಒಂದು ಮಾದರಿಯು 700 ವ್ಯಾಟನ್ನು ಸೆಳೆಯುತ್ತದೆ, ಅಂಥ ಎಂಟು ಚಿಪ್ಪುಗಳು ಒಂದೇ ಪೆಟ್ಟಿಗೆಯಲ್ಲಿ ಕುಳಿತಿರುತ್ತವೆ. ಗಾಳಿಯಿಂದ ತೀರದ ಈ ಶಾಖವನ್ನು ನೀರಿನಿಂದ ತೀರಿಸುವುದು ಅನೇಕ ಕಡೆಗಳಲ್ಲಿ ರೂಢಿಯಾಗುತ್ತಿದೆ. ನೀರನ್ನು ಆವಿಯಾಗಿಸುವ ಕೂಲಿಂಗ್ ಟವರಿನಲ್ಲಿ ಒಂದು ಯೂನಿಟ್ಟು ಶಾಖವನ್ನು ಕಳೆಯಬೇಕಾದರೆ ಸುಮಾರು ಒಂದೂವರೆ ಲೀಟರು ನೀರು ಆವಿಯಾಗಿ ಹೋಗಬೇಕು. ಅಂಥ ಒಂದೇ ಪೆಟ್ಟಿಗೆಯ ಎಂಟು ಚಿಪ್ಪುಗಳ ಒಂದು ದಿನದ ಶಾಖಕ್ಕೆ ಇನ್ನೂರು ಲೀಟರು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರುಗಳಿಗಾಗಿ ಕಾದು ನಿಂತ ಬೆಂಗಳೂರಿಗೆ ಇದು ಸಣ್ಣ ಲೆಕ್ಕವಲ್ಲ.

ಬೆಂಗಳೂರಿಗೆ ಕುಡಿಯುವ ನೀರು ಬರುವುದು ಶಿವನಸಮುದ್ರದ ಬಳಿಯ ಕಾವೇರಿಯಿಂದಲೇ. ಅಲ್ಲಿಗೆ ಸಮೀಪದ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ, ಐನೂರು ಮೀಟರು ಎತ್ತರ, ಪಂಪುಗಳಿಂದ ದೂಡಿಸಿಕೊಂಡು ಅದು ಮೇಲೇರಬೇಕು. ಒಂದು ಸಾವಿರ ಲೀಟರು ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು, ಪಂಪಿನ ನಷ್ಟವನ್ನು ಬಿಟ್ಟರೂ, ಒಂದೂಕಾಲು ಯೂನಿಟ್ಟಿಗೂ ಮೀರಿದ ವಿದ್ಯುತ್ತು ಬೇಕಾಗುತ್ತದೆ. ಒಂದು ಶತಮಾನದ ಹಿಂದೆ ಕೆಳಗೆ ಬಿದ್ದು ನಮಗೆ ವಿದ್ಯುತ್ತನ್ನು ಕೊಟ್ಟ ನದಿಯನ್ನು, ಇಂದು ವಿದ್ಯುತ್ತನ್ನು ಕೊಟ್ಟು ಮೇಲೆತ್ತುತ್ತಿದ್ದೇವೆ. ಹೆಬ್ಬಗೋಡಿಯ ಕೆರೆಯಾದರೋ ನಗರದ ಕೊಳಚೆಗೆ ಪಾತ್ರವಾಗಿ, ಬಯೋಕಾನ್ ಪ್ರತಿಷ್ಠಾನದ ನೆರವಿನಿಂದ ಪುನರುಜ್ಜೀವನವನ್ನು ಪಡೆದುದು ಈಚಿನ ಸಂಗತಿ. ವಿದ್ಯುತ್ತು, ಶಾಖ, ನೀರು, ಇವು ಮೂರು ಬೇರೆ ಬೇರೆ ಇಲಾಖೆಗಳ ಕಡತಗಳಲ್ಲಿರಬಹುದು. ನಿಸರ್ಗದ ಲೆಕ್ಕದಲ್ಲಿ ಅವು ಒಂದೇ ಪುಟದಲ್ಲಿವೆ.

ಹಾಗಾದರೆ ಈ ಯಂತ್ರಗಳನ್ನು ತೊರೆಯಬೇಕೆ? ಹಾಗೆಂದು ನಾನು ಹೇಳಲಾರೆ. ರೋಗದ ಔಷಧವನ್ನು ಅರಸುವ ಲೆಕ್ಕವೂ, ಮಳೆಯ ಮುನ್ಸೂಚನೆಯ ಲೆಕ್ಕವೂ ಇವುಗಳಿಂದ ಸುಗಮವಾಗುತ್ತಿದೆ. ಹೆಬ್ಬಗೋಡಿಯ ಎಷ್ಟೋ ಮನೆಗಳ ಅನ್ನವು ಇವುಗಳನ್ನು ಅವಲಂಬಿಸಿದೆ. ಒಂದು ಸೊನ್ನೆ ಅಥವಾ ಒಂದನ್ನು ಅಳಿಸುವುದಕ್ಕೆ ತಗಲುವ ಶಾಖಕ್ಕೆ ನಿಸರ್ಗವು ವಿಧಿಸಿರುವ ಕನಿಷ್ಠ ಮಿತಿಯನ್ನು ರಾಲ್ಫ್ ಲ್ಯಾಂಡಾವರ್ ಎಂಬ ವಿಜ್ಞಾನಿಯು 1961ರಲ್ಲಿ ಗಣಿಸಿ ತೋರಿಸಿದನು. ಇಂದಿನ ಚಿಪ್ಪುಗಳು ಆ ಮಿತಿಗಿಂತ ಎಷ್ಟೋ ಸಾವಿರ ಪಾಲು ಮೇಲಿವೆ, ಅಂದರೆ ಸುಧಾರಣೆಗೆ ಅವಕಾಶವು ಇನ್ನೂ ವಿಶಾಲವಾಗಿದೆ. ಮನಸ್ಸು ಮಾಡಿದರೆ ಆ ಸುಧಾರಣೆಯು ಸಾಧ್ಯವೆಂಬುದಕ್ಕೆ ಚರಿತ್ರೆಯಲ್ಲಿ ನಿದರ್ಶನವೂ ಉಂಟು: 250 ವ್ಯಾಟಿನ ಕಾರ್ಡು ಬಂದ ನಾಲ್ಕು ವರ್ಷಗಳೊಳಗೆ, 2014ರಲ್ಲಿ, ಕೇವಲ 60 ವ್ಯಾಟಿನ ಜಿ.ಟಿ.ಎಕ್ಸ್. 750 ಟಿ.ಐ. ಬಂದು, ಹೆಚ್ಚುವರಿ ತಂತಿಯೇ ಇಲ್ಲದೆ ಸಾಮಾನ್ಯರ ಅಗತ್ಯಗಳನ್ನು ಪೂರೈಸಿತು.

ಆದುದರಿಂದ ಕಾರ್ಡನ್ನು ಕೊಳ್ಳುವವರಲ್ಲಿ ನನ್ನ ಬಿನ್ನಹವಿಷ್ಟೆ: ಅದು ಎಷ್ಟು ಡಿಗ್ರಿ ಕಾಯುತ್ತದೆಂದು ಕೇಳುವ ಮೊದಲು ಎಷ್ಟು ವ್ಯಾಟು ಸೆಳೆಯುತ್ತದೆಂದು ಕೇಳಿ, ಕೊಂಡ ಮೇಲೆ ಅದರ ವಿದ್ಯುತ್ ಮಿತಿಯನ್ನು ತಗ್ಗಿಸಿ ನೋಡಿ. ವೋಲ್ಟೇಜೂ ವೇಗವೂ ನೂರಕ್ಕೆ ಹತ್ತರಷ್ಟು ಇಳಿದರೆ ಸ್ವಿಚ್ಚಿನ ಶಾಖವು ನೂರಕ್ಕೆ ಇಪ್ಪತ್ತೇಳರಷ್ಟು ಇಳಿಯುತ್ತದೆ. ಹತ್ತನ್ನು ಬಿಟ್ಟುಕೊಟ್ಟು ಇಪ್ಪತ್ತೇಳನ್ನು ಗಳಿಸುವ ಇಂಥ ವ್ಯವಹಾರವು ಬೇರೆಲ್ಲಿಯೂ ದೊರೆಯದು. ಅಂಗಡಿಯವರು ಪೆಟ್ಟಿಗೆಯ ಮೇಲೆ ವೇಗವನ್ನು ಎಷ್ಟು ದಪ್ಪ ಅಕ್ಷರದಲ್ಲಿ ತೋರಿಸುತ್ತಾರೋ ವ್ಯಾಟನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ತೋರಿಸಲಿ. ಹೊಸೂರು ರಸ್ತೆಯ ಆಚೀಚೆಯಲ್ಲಿ ಕುಳಿತು ನಾಳಿನ ಚಿಪ್ಪುಗಳನ್ನು ರೂಪಿಸುತ್ತಿರುವ ನಮ್ಮ ಎಂಜಿನಿಯರರು, ಒಂದು ವ್ಯಾಟಿಗೆ ಎಷ್ಟು ಕೆಲಸವಾಯಿತೆಂಬ ಅಳತೆಯನ್ನೇ ತಮ್ಮ ವಿದ್ಯೆಯ ಪರಮ ಅಳತೆಯಾಗಿ ಸ್ವೀಕರಿಸಲಿ. ಹುಟ್ಟಿದ ಶಾಖವನ್ನು ಊರಿಂದ ಊರಿಗೆ ಅಟ್ಟುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದೇ ಅಗ್ಗ. ಶಿವನಸಮುದ್ರದ ತಂತಿಯನ್ನು ಎಳೆದವರು 1902ರಲ್ಲಿಯೇ ಇದನ್ನು ಅರಿತು ನಡೆದಿದ್ದರು.